ನಡುಬೆರಳಿನ ಮಸಿ

ಹನ್ನೊಂದನೇ ಕಂತು

"ತೊಂಬತ್ನಾಲ್ಕು ಎಲ್ಲಿ, ಭಾಗ್ಯಮ್ಮನೋರೆ?"

ಸಬ್ ಇನ್ಸ್‌ಪೆಕ್ಟರ್ ಸಂಘಮಿತ್ರ ಆ ದಪ್ಪ ನೋಟ್‌ಬುಕ್ಕನ್ನು ಮೂರನೇ ಸಲ ತಿರುವಿ ಹಾಕಿ ಕೇಳಿದಳು. ಎಂಬತ್ತೊಂಬತ್ತರ ಚುನಾವಣೆ ಮುಗಿದ ಕೂಡಲೇ ತೊಂಬತ್ತೊಂಬತ್ತು ಶುರುವಾಗಿತ್ತು. ನಡುವೆ ಹರಿದ ಹಾಳೆಗಳ ಚೂರು ಹೊಲಿಗೆಯ ದಾರಕ್ಕೆ ಅಂಟಿಕೊಂಡಿತ್ತು.

ಬೆಟ್ಟದಪುರದ ಆ ಮನೆಯ ಹೊಸ್ತಿಲ ಮೇಲೆ ಕೂತಿದ್ದ ಭಾಗ್ಯಮ್ಮ ತಲೆ ಎತ್ತಲಿಲ್ಲ. ಗಂಡ ವೆಂಕಟೇಶ್ ಮೇಷ್ಟ್ರು ತೀರಿಕೊಂಡು ಒಂಬತ್ತು ದಿನವಾಗಿತ್ತು. ಕೆರೆಕೋಡಿಯ ಮಾಜಿ ಶಾಸಕ ದೇವರಾಜು ಅವರ ಮನೆಯ ಹಿತ್ತಲಲ್ಲಿ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಬಾಗಿಲಲ್ಲಿ ಹೆಣ ಬಿದ್ದಿತ್ತು. ಹೊಗೆ ಕುಡಿದು ತಲೆ ಸುತ್ತಿ ಬಿದ್ದರು ಎಂದು ಆ ಮನೆಯವರು ಪೊಲೀಸರಿಗೆ ಬರೆಸಿದ್ದರು. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಅಂತ ಎಳೆ ಮಗುವಿಗೂ ಗೊತ್ತು. ಆ ಬ್ಯಾರನ್ನಿಗೆ ಬೆಂಕಿ ಹಾಕಿ ಮೂವತ್ತು ವರ್ಷ ದಾಟಿದೆ ಎಂಬುದು ಮಾತ್ರ ಸಂಘಮಿತ್ರಳಿಗೆ ಮೊನ್ನೆ ಗೊತ್ತಾಗಿತ್ತು.

"ಅವರೇ ಅರ್ದ್ರು ಕಣವ್ವ," ಎಂದರು ಭಾಗ್ಯಮ್ಮ. "ಓಗೋ ದಿನ ಬೆಳಿಗ್ಗೆ. ಎಮ್ಮೆಲ್ಲೆ ಹೆಂಡ್ರು ಸುನಂದಮ್ಮನ ಕೈಗೇ ಕೊಡ್ಬೇಕು, ಇನ್ಯಾರಿಗೂ ಅಲ್ಲ ಅಂತ ಮಡಿಸಿ ಜೇಬಲ್ಲಿ ಇಟ್ಕಂಡ್ರು."

"ಹೆಣದ ಜೇಬಲ್ಲಿ ಕಾಗದ ಇರ್ಲಿಲ್ಲ."

"ನಂಗೊತ್ತು. ಬಟ್ಟೆ ಕೊಟ್ಟಾಗ ಮೊದ್ಲು ಜೇಬೇ ನೋಡ್ದೆ."

ಸಂಘಮಿತ್ರ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಬಂದಳು. 'ಹೊಳೆಸಾಲು ವಿಧಾನಸಭಾ ಕ್ಷೇತ್ರದ ಚುನಾವಣಾ ಚರಿತ್ರೆ' ಎಂದು ಮೇಷ್ಟ್ರ ಗುಂಡು ಅಕ್ಷರ. ಇಲ್ಲದ ಕ್ಷೇತ್ರಕ್ಕೊಂದು ಚರಿತ್ರೆ! ಎರಡು ಸಾವಿರದ ಎಂಟರಲ್ಲಿ ಕ್ಷೇತ್ರಗಳ ಗಡಿ ಮತ್ತೆ ಗೀಚಿದಾಗ ಹೊಳೆಸಾಲನ್ನು ಪಿರಿಯಾಪಟ್ಟಣಕ್ಕಿಷ್ಟು, ಹುಣಸೂರಿಗಿಷ್ಟು, ಕೆ.ಆರ್. ನಗರಕ್ಕಿಷ್ಟು ಎಂದು ಅಣ್ಣತಮ್ಮಂದಿರು ಹಿಸ್ಸೆ ಮಾಡಿಕೊಂಡ ಹಾಗೆ ಹಂಚಿಬಿಟ್ಟರು. ಜನ ಮರೆತರು. ಮೇಷ್ಟ್ರು ಮರೆಯಲಿಲ್ಲ.

ಐವತ್ತೇಳರಲ್ಲಿ ಗೆದ್ದವನು ಎತ್ತಿನಗಾಡಿಯಲ್ಲಿ ಊರೂರಿಗೆ ಬಂದು ಕೈಮುಗಿದದ್ದು, ಅರವತ್ತೇಳರಲ್ಲಿ ಗೆದ್ದವನು ಐದು ವರ್ಷ ಮುಖವನ್ನೇ ತೋರಿಸದ್ದು, ಎಪ್ಪತ್ತೆಂಟರಲ್ಲಿ ಮಾವ ಅಳಿಯ ಎದುರುಬದುರು ನಿಂತು ಇಬ್ಬರೂ ಠೇವಣಿ ಕಳೆದುಕೊಂಡದ್ದು, ಎಲ್ಲ ಇತ್ತು. ಯಾವ ಬೂತಿನಲ್ಲಿ ಯಾರಿಗೆಷ್ಟು ಬಿತ್ತು ಎನ್ನುವುದೂ ಇತ್ತು. ಅವಳಿಗೆ ಬೇಕಾದ ವರ್ಷವೊಂದೇ ಇರಲಿಲ್ಲ.

ಆ ವರ್ಷ ಅವಳಿಗೆ ಎಂಟು ತಿಂಗಳು. ಮತದಾನದ ದಿನ ಮಧ್ಯಾಹ್ನ ನಾಲ್ಕು ಗಂಟೆಗೆ ಕೆರೆಕೋಡಿಯ ನೂರ ಹದಿನೇಳನೇ ಮತಗಟ್ಟೆಗೆ ನುಗ್ಗಿ ಯಾರೋ ಮತಪೆಟ್ಟಿಗೆ ಎತ್ತಿಕೊಂಡು ಹೋದರು. ಮೂರನೇ ದಿನ ಅಲ್ಲಿ ಮರುಮತದಾನವಾಯಿತು. ಸೋಲುವ ಕುದುರೆ ಎನಿಸಿದ್ದ ದೇವರಾಜು ಅರವತ್ತೊಂದು ಮತದಿಂದ ಗೆದ್ದು ಶಾಸಕರಾದರು. ಪೆಟ್ಟಿಗೆ ಸಿಗಲೇ ಇಲ್ಲ. ಕಳ್ಳನೂ ಸಿಗಲಿಲ್ಲ, ಆದರೆ ಕಳ್ಳನ ಹೆಸರು ಸಿಕ್ಕಿತು. ದೇವರಾಜು ಅವರ ಮನೆಯಲ್ಲಿ ಜೀಪು ಓಡಿಸುತ್ತಿದ್ದ ಮಹದೇವಯ್ಯ, ಅದೇ ಸಂಜೆ ಬಾವಲಿ ಗಡಿ ದಾಟಿ ಕೇರಳಕ್ಕೆ ಪರಾರಿ ಎಂದು ಬರೆದು ಪೊಲೀಸರು ಕೈ ತೊಳೆದುಕೊಂಡರು.

ಮಹದೇವಯ್ಯ ಸಂಘಮಿತ್ರಳ ಅಪ್ಪ. ಪೆಟ್ಟಿಗೆಕಳ್ಳನ ಮಗಳು ಎಂದೇ ಶಾಲೆಯಲ್ಲಿ ಅವಳನ್ನು ಕರೆದರು. ಹಾಗೆ ಕರೆದವರ ಬೆನ್ನಿಗೆ ಬಾರಿಸಿ, ಅವಳನ್ನು ಮುಂದಿನ ಬೆಂಚಿಗೆ ಕೂರಿಸಿ, ಕೈಹಿಡಿದು ಅಕ್ಷರ ತಿದ್ದಿಸಿ, ಕೊನೆಗೆ ಪೊಲೀಸ್ ಪರೀಕ್ಷೆಗೆ ಅರ್ಜಿಯನ್ನೂ ತುಂಬಿಕೊಟ್ಟವರು ಈ ವೆಂಕಟೇಶ್ ಮೇಷ್ಟ್ರೇ. ಅವಳು ಮೊದಲ ಸಲ ವೋಟು ಹಾಕಿ ಬಂದ ದಿನ ಅವಳ ಎಡಗೈ ಹಿಡಿದು ತೋರುಬೆರಳನ್ನು ಬಹಳ ಹೊತ್ತು ನೋಡಿ ಒಳಗೆ ಹೋಗಿದ್ದರು. ಅವಳಿಗೆ ಅವರೆಂದರೆ ದೇವರು. ಹಾಗಾಗಿಯೇ ಈ ಕೇಸನ್ನು ಬಿಡಲು ಅವಳಿಗೆ ಮನಸ್ಸಿರಲಿಲ್ಲ.

ಮನಸ್ಸಿಲ್ಲದಿದ್ದರೇನು, ಹೊತ್ತೂ ಇರಲಿಲ್ಲ. ಆಕಸ್ಮಿಕ ಸಾವು ಎಂದು ಬರೆದು ನಾಳೆ ಹತ್ತು ಗಂಟೆಗೆ ಫೈಲು ಕಳಿಸು ಅಂತ ಇನ್ಸ್‌ಪೆಕ್ಟರು ಫೋನಿನಲ್ಲೇ ಹೇಳಿಬಿಟ್ಟಿದ್ದರು.

"ಇದೊಂದು ಉಳ್ಕಂಡದೆ," ಎಂದು ಭಾಗ್ಯಮ್ಮ ಸೆರಗಿನ ಗಂಟಿನಿಂದ ಫೋಟೊ ತೆಗೆದರು. "ಅವರ ಪಂಚಾಂಗದೊಳಗಿತ್ತು. ನಿಮ್ಮಪ್ಪನೇ ಅಲ್ವಾ?"

ಸಂಘಮಿತ್ರ ಅಪ್ಪನ ಒಂದೇ ಒಂದು ಫೋಟೊ ನೋಡಿದ್ದಳು, ಅದೂ ಪೊಲೀಸ್ ಫೈಲಿನಲ್ಲಿ. ಇದರಲ್ಲಿ ಅವನು ನಗುತ್ತಿದ್ದ. ಶಾಲೆಯ ಗೋಡೆ, ಜನರ ಸಾಲು, ಅವನು ಬಿಸಿಲಿಗೆ ಎಡಗೈ ಹಣೆಗೆ ಅಡ್ಡ ಹಿಡಿದು ನಿಂತಿದ್ದ. ಹಿಂದೆ ಬೀರಮ್ಮ, ತಮ್ಮ ಕೇರಿಯವಳೇ, ಸೊಂಟದ ಮೇಲೆ ಕೈಯಿಟ್ಟಿದ್ದಳು. ಸಂಘಮಿತ್ರಳ ಕಣ್ಣು ತುಂಬಿ ಫೋಟೊ ಮಂಜಾಯಿತು. ಯೂನಿಫಾರಂ ತೊಟ್ಟು ಅಳಬಾರದು ಅಂತ ಎಲ್ಲೂ ಬರೆದಿಲ್ಲ, ಅಳಲಿ.

"ವೋಟಿನ ದಿನ ತೆಗೆದದ್ದು," ಎಂದಳು ಕಣ್ಣೊರೆಸಿಕೊಂಡು. ಫೋಟೊದ ಹಿಂದೆ 'ಮತಗಟ್ಟೆ ೧೧೭' ಎಂದಿತ್ತು, ತಾರೀಖು ಇರಲಿಲ್ಲ.

"ಯಾವ ವೋಟಿನ ದಿನ?" ಎಂದರು ಭಾಗ್ಯಮ್ಮ. "ಬೆರಳು ನೋಡು."

"ಏನಿದೆ ಬೆರಳಲ್ಲಿ?"

"ಮೂವತ್ತು ವರ್ಷ ಮಸಿ ಹಚ್ಚೋನ ಜೊತೆ ಸಂಸಾರ ಮಾಡಿವ್ನಿ ಕಣವ್ವ. ಎಲ್ಲಾ ಎಲೆಕ್ಷನ್ನಲ್ಲೂ ನಮ್ಮೋರಿಗೆ ಅದೇ ಡ್ಯೂಟಿ. ಮನೇಗೆ ಬಂದ್ರೆ ಬಲಗೈ ಬೆರಳೆಲ್ಲ ಕಪ್ಪು, ತಿಂಗಳಾದ್ರೂ ಓಗ್ತಿರ್ಲಿಲ್ಲ, ಸ್ಪೂನಲ್ಲಿ ಉಣ್ಣೋರು. ಮೊದಲ್ನೇ ಸಲಕ್ಕೆ ತೋರುಬೆರಳಿಗೆ ಮಸಿ. ಮರುಮತದಾನ ಆದ್ರೆ ತೋರುಬೆರಳಲ್ಲಿ ಆಗ್ಲೇ ಮಸಿ ಇರ್ತದಲ್ಲ, ಅದ್ಕೇ ಪಕ್ಕದ ನಡುಬೆರಳಿಗೆ ಹಚ್ಚೋದು. ರೂಲ್ಸು."

ಸಂಘಮಿತ್ರ ಫೋಟೊವನ್ನು ಬೆಳಕಿಗೆ ಹಿಡಿದಳು. ಬೀರಮ್ಮನ ಕೈಯಲ್ಲಿ ಎರಡು ಕಪ್ಪು ಗುರುತು, ತೋರುಬೆರಳಿಗೊಂದು ನಡುಬೆರಳಿಗೊಂದು. ಮೊದಲ ದಿನವೂ ವೋಟು ಹಾಕಿದವಳು, ಮೂರನೇ ದಿನವೂ ಹಾಕಿದವಳು.

ಅಪ್ಪನ ಹಣೆಯ ಮೇಲಿನ ಕೈಯಲ್ಲಿ ಒಂದೇ ಗುರುತು ಇತ್ತು. ನಡುಬೆರಳಿನಲ್ಲಿ ಮಾತ್ರ. ತೋರುಬೆರಳ ಉಗುರು ತೊಳೆದಿಟ್ಟ ಹಾಗೆ ಬೆಳ್ಳಗಿತ್ತು.

ಮೊದಲ ದಿನವೇ ಗಡಿ ದಾಟಿ ಓಡಿಹೋದ ಎಂದು ಬರೆಸಿಕೊಂಡವನು ಮೂರನೇ ದಿನ ಅದೇ ಬೂತಿನ ಮುಂದೆ ನಗುತ್ತಾ ನಿಂತಿದ್ದಾನೆ. ಅವನ ಮೇಲೆ ಆಗಲೇ ಕೇಸಿದ್ದಿದ್ದರೆ ಬಂದೋಬಸ್ತಿನ ಪೊಲೀಸರು ಸಾಲಲ್ಲಿ ನಿಲ್ಲಲು ಬಿಡುತ್ತಿದ್ದರೇ? ಅಂದಮೇಲೆ ಆ ದೂರು ಆಮೇಲೆ ಬರೆದು ಹಿಂದಿನ ತಾರೀಖು ಹಾಕಿದ್ದು. ಇನ್ನೂ ಒಂದು ಮಾತು. ವೋಟು ಅಂದರೆ ನನ್ನ ಮಗನಿಗೆ ಹಬ್ಬ ಕಣವ್ವ ಎಂದು ಅಜ್ಜಿ ಮಾರಮ್ಮ ಇವತ್ತಿಗೂ ಹೇಳುತ್ತಾಳೆ. ಅಂಥವನು ಮೊದಲ ದಿನ ವೋಟೇ ಹಾಕಿಲ್ಲವೆಂದರೆ ಆ ದಿನ ಊರಲ್ಲೇ ಇರಲಿಲ್ಲ. ಊರಲ್ಲಿಲ್ಲದವನು ಪೆಟ್ಟಿಗೆ ಹೇಗೆ ಎತ್ತುತ್ತಾನೆ?

"ದೂರಿಗೆ ಸಾಕ್ಷಿ ಹಾಕಿದ್ದು ಯಾರು ಅಂತ ಗೊತ್ತಾ?" ಭಾಗ್ಯಮ್ಮ ನೆಲ ನೋಡುತ್ತಾ ಕೇಳಿದರು.

ಗೊತ್ತಿತ್ತು. ಫೈಲಿನಲ್ಲಿ ಅದೇ ಗುಂಡು ಅಕ್ಷರದ ಸಹಿಯಿತ್ತು. ಹೆದರಿಸಿ ಹಾಕಿಸಿಕೊಂಡಿರಬೇಕು ಎಂದು ಅವಳು ಅಂದೇ ಮೇಷ್ಟ್ರನ್ನು ಕ್ಷಮಿಸಿದ್ದಳು.

* * *

ಕೆರೆಕೋಡಿಯ ಹಾದಿಯ ಎರಡೂ ಕಡೆ ಬ್ಯಾರನ್ನುಗಳು ಹೊಗೆಯುಗುಳುತ್ತಿದ್ದವು. ದೇವರಾಜು ಅವರ ಮನೆಯ ಮುಂದೆ ಬ್ಯಾನರ್ ಇನ್ನೂ ಇಳಿಸಿರಲಿಲ್ಲ. ಶಾಸಕರು ಹೋಗಿ ಆರು ವರ್ಷ, ಈಗ ಮಗ ಶಿವಶಂಕರನಿಗೆ ಟಿಕೆಟ್ಟಿನ ಆಸೆ. ಬ್ಯಾನರಿನಲ್ಲಿ ಅವನು ಆಳೆತ್ತರಕ್ಕೆ ಕೈಮುಗಿದಿದ್ದ. 'ಮತದಾನದ ದಿನವೇ ಹುಟ್ಟಿದ ಮಹಾನಾಯಕನಿಗೆ ಮೂವತ್ತೊಂದನೇ ಹುಟ್ಟುಹಬ್ಬದ ಶುಭಾಶಯ.'

ಸಂಘಮಿತ್ರ ಬೈಕು ನಿಲ್ಲಿಸಿ ಅದನ್ನು ಎರಡು ಸಲ ಓದಿದಳು.

ಅಜ್ಜಿಯ ಇನ್ನೊಂದು ಮಾತಿತ್ತು. ಅವತ್ತು ನನ್ನ ಮಗ ದೇವರಾಜು ಗೌಡ್ರ ಹೆಂಡ್ರನ್ನ ಕೂರಿಸ್ಕಂಡು ಜೀಪ್ ಒಡ್ಕಂಡು ಓಗವ್ನೆ. ಯಾರು ನೋಡಿದ್ರು ಅಂತ ಪೊಲೀಸರು ಕೇಳಿದ್ದರು. ಜೀಪಿನಲ್ಲಿ ಇದ್ದದ್ದೇ ಇಬ್ಬರು. ಒಬ್ಬ ಕಾಣೆಯಾದ, ಇನ್ನೊಬ್ಬರು ಈ ಮನೆಯೊಳಗೆ ಮೂವತ್ತೊಂದು ವರ್ಷದಿಂದ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು.

ಸುನಂದಮ್ಮ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಕಾನ್‌ಸ್ಟೇಬಲ್ ಕಿರಣ್‌ಕುಮಾರನನ್ನು ಹಿತ್ತಲಿಗೆ ಕಳಿಸಿ ಸಂಘಮಿತ್ರ ಎದುರಿನ ಕುರ್ಚಿಯಲ್ಲಿ ಕೂತಳು.

"ಕಾಫಿ ತರ್ಸ್ಲಾ, ಸಾಹೇಬ್ರೆ?"

"ಬೇಡಿ. ಶಿವಶಂಕರ್ ಹುಟ್ಟಿದ್ದು ಎಲ್ಲಿ?"

"ಮೈಸೂರಲ್ಲಿ. ಇಡೀ ತಾಲ್ಲೂಕಿಗೇ ಗೊತ್ತಲ್ಲ."

"ಇಲ್ಲಿಂದ ಮೈಸೂರಿಗೆ ಹೇಗೆ ಹೋದ್ರಿ?"

"ಜೀಪಲ್ಲಿ."

"ಜೀಪು ತಾನಾಗೇ ಓಡ್ಲಿಲ್ವಲ್ಲ, ಸುನಂದಮ್ಮನೋರೆ. ಹಿಡಿದೋರು ಯಾರು?"

ಅವರೆಕಾಯಿಯ ಸಿಪ್ಪೆ ಬಿಡಿಸುತ್ತಿದ್ದ ಬೆರಳು ನಿಂತಿತು. ಸಂಘಮಿತ್ರ ಫೋಟೊವನ್ನು ಕಾಳಿನ ಮೊರದ ಅಂಚಿಗೆ ಇಟ್ಟಳು. ಸುನಂದಮ್ಮ ಕನ್ನಡಕ ಹಾಕಿಕೊಂಡು ಬಗ್ಗಿದರು.

"ಮಾದೇವ," ಎಂದರು. ಸಂಘಮಿತ್ರಳ ಮುಖ ನೋಡಿದರು. "ನೀನು ಅವನ ಮಗಳು. ಹಣೆ ನೋಡ್ದಾಗ್ಲೇ ಅನ್ಕಂಡೆ."

"ಹೇಳಿ."

"ಏನೇಳ್ಲಿ ಕಣವ್ವ. ಬೆಳಿಗ್ಗೇನೇ ನೋವು ಸುರುವಾಯ್ತು. ಯಜಮಾನ್ರು ಎಲೆಕ್ಷನ್ ಬುಟ್ಟು ಬರೋ ಅಂಗಿರ್ಲಿಲ್ಲ. ಮಾದೇವನ ಜೊತೆ ಕಳಿಸ್ಬುಟ್ರು. ಹುಣಸೂರು ದಾಟೋ ಹೊತ್ಗೆ ಜೀವ ಓದಂಗಾಯ್ತು. ಇನ್ನೊಂದು ಗಳಿಗೆ ತಡ್ಕಳಿ ಅಕ್ಕಾ ಅಂತ ಅಳ್ತಾನೇ ಜೀಪ್ ಒಡೀತಿದ್ದ. ದಾರೀಲಿ ನಿಲ್ಸಿ ನೀರು ತಂದ್ಕೊಟ್ಟ. ಕುಡ್ದೆ. ಊರಲ್ಲಾಗಿದ್ರೆ ಅವನ ಕೈ ನೀರು ಕುಡೀತಿರ್ಲಿಲ್ಲ."

ಸಂಘಮಿತ್ರಳಿಗೆ ಉರಿಯಿತು. ಆದರೆ ಬಾಯಿ ಬಿಡಲಿಲ್ಲ. ಬಾಯಿಬಿಟ್ಟವರನ್ನು ನಡುವೆ ತಡೆಯಬಾರದು ಎಂಬುದು ಅವಳು ಕಲಿತ ಮೊದಲ ಪಾಠ.

"ಎರಡು ದಿನ ಆಸ್ಪತ್ರೆ ಬಾಗಲಲ್ಲೇ ಮಲಗಿದ್ದ. ಮೂರನೇ ದಿನ ಬೆಳಿಗ್ಗೆ ನನ್ನೂ ಮಗೂನೂ ತಂದು ಮನೇಗೆ ಬುಟ್ಟ. ಊರಲ್ಲಿ ಮತ್ತೆ ವೋಟು ನಡೀತಾ ಅದೆ ಅಂತ ಯಾರೋ ಅಂದ್ರು. ನಂದೊಂದು ಬಾಕಿ ಅದೆ ಅಕ್ಕಾ ಅಂತ ಓಡೋದ."

"ಅವನು ಪೆಟ್ಟಿಗೆ ಮುಟ್ಟಿಲ್ಲ ಅಂತ ನಿಮಗೆ ಗೊತ್ತಿತ್ತು. ಯಾಕೆ ಹೇಳಲಿಲ್ಲ?"

"ಯಾರು ಕೇಳಿದ್ರು?"

"ನಮ್ಮಜ್ಜಿ ಕೇಳಿದಳು. ನಿಮ್ಮ ಜಗಲಿ ಕೆಳಗೆ ನಿಂತು, ನನ್ನನ್ನು ಸೊಂಟದ ಮೇಲೆ ಎತ್ತಿಕೊಂಡು ಕೇಳಿದಳು. ಬಾಗಿಲು ಹಾಕಿಸಿದ್ರಂತೆ ನೀವು."

ಸುನಂದಮ್ಮನ ಕೈಯಿಂದ ಕಾಳುಗಳು ಜಾರಿ ನೆಲದ ಮೇಲೆ ಉರುಳಿದವು.

"ಯಜಮಾನ್ರು ಗೆದ್ದಿದ್ರು ಕಣವ್ವ. ಬರೀ ಅರವತ್ತೊಂದು ವೋಟು. ಒಂದು ಮಾತು ಆಚೆ ಬಿದ್ದಿದ್ರೂ ಎಲ್ಲಾ ಓಗೋದು. ಮಡಿಲಲ್ಲಿ ಹಸುಗೂಸು ಇತ್ತು. ಎದ್ರಿಕೆ ಆಯ್ತು. ಆಮೇಲೆ ಅದೇ ಅಭ್ಯಾಸ ಆಗೋಯ್ತು."

ಅಭ್ಯಾಸ! ಅಜ್ಜಿಗೂ ಅಭ್ಯಾಸವಾಗಿತ್ತು. ಕೇರಳದ ಕಡೆಯ ಬಸ್ಸು ಬಂದಾಗಲೆಲ್ಲ ಬಾಗಿಲಿಗೆ ಬಂದು ನಿಲ್ಲುವ ಅಭ್ಯಾಸ.

"ಅಲ್ಲಿಂದೀಚೆಗೆ ಅಪ್ಪನನ್ನು ನೋಡಿದ್ರಾ?" ಸಂಘಮಿತ್ರ ಕೇಳಿದಳು.

ಉತ್ತರ ಬರುವ ಮೊದಲೇ ಹಿತ್ತಲಲ್ಲಿ ಜೆಸಿಬಿಯ ಸದ್ದು ಗುಡುಗಿತು. ಶಿವಶಂಕರ್ ಒಳಗೆ ಬಂದ.

"ಅವ್ವಾ, ಹಳೇ ಬ್ಯಾರನ್ ಕೀ ಎಲ್ಲಿ? ಬಾಗ್ಲು ತೆಗ್ಸಿ ಕೆಡವಿಸ್ಬುಡ್ತೀನಿ." ಆಮೇಲೆ ಅವಳನ್ನು ನೋಡಿದ. "ಓ, ಮೇಡಮ್ಮು! ಎಲ್ಲ ಮುಗೀತು ಅಂದ್ರಲ್ಲ ನಿಮ್ಮ ಸಾಹೇಬ್ರು?"

"ಅದನ್ನು ಯಾಕೆ ಕೆಡವ್ತಿದ್ದೀರಿ?"

"ಮೇಷ್ಟ್ರು ಸತ್ತ ಜಾಗ, ಅಪಶಕುನ. ಒಳಗೇನೂ ಇಲ್ಲ ಬುಡಿ."

"ಒಳಗೇನಿದೆ ಅಂತ ನಾನು ಕೇಳಲಿಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಶಿವಶಂಕರನ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ಜೇಬಿನಲ್ಲಿ ನಾಲ್ಕಾಗಿ ಮಡಿಸಿದ ಹಾಳೆಗಳ ಅಂಚು ಕಾಣುತ್ತಿತ್ತು. ಗೆರೆ ಎಳೆದ ಹಾಳೆ, ಒಂದು ಕಡೆ ಹರಿದ ಅಂಚು.

"ಫೈಲು ಮುಚ್ಚೋವರೆಗೂ ಅದು ಸಾವು ನಡೆದ ಜಾಗ," ಎಂದು ಅವಳು ಎದ್ದು ನಿಂತಳು. "ಒಂದು ಇಟ್ಟಿಗೆ ಅಲ್ಲಾಡಿದರೂ ನಿಮ್ಮ ಕೈಗೆ ಕೋಳ ಬೀಳುತ್ತೆ. ಜೇಬಿನಲ್ಲಿರೋದನ್ನು ಕೊಡಿ."

"ಫೋನ್ ಮಾಡ್ತೀನಿ ತಡೀರಿ," ಎಂದು ಅವನು ಹಿಂದಕ್ಕೆ ಸರಿದು ದಡದಡನೆ ಹೊರಟ. ಸಂಘಮಿತ್ರ ಬೆನ್ನಟ್ಟಲು ಹೆಜ್ಜೆ ಎತ್ತಿದಳು. ಸುನಂದಮ್ಮ ಅವಳ ಕೈ ಹಿಡಿದುಕೊಂಡರು. ಆ ಮನೆಯಲ್ಲಿ ಅವಳನ್ನು ಯಾರಾದರೂ ಮುಟ್ಟಿದ್ದು ಅದೇ ಮೊದಲು.

"ಕಾಗದ ಅಲ್ಲ. ಇದು ತಗೋ."

ಸೀರೆಯ ನಿರಿಗೆಯೊಳಗಿಂದ ಒಂದು ಕೀ ಬಂತು. ತುಕ್ಕು ಹಿಡಿದಿರಲಿಲ್ಲ. ಮೂವತ್ತೊಂದು ವರ್ಷ ಮೈಗೆ ಉಜ್ಜಿ ಉಜ್ಜಿ ನುಣುಪಾಗಿತ್ತು.

"ವೋಟಾಕಿ ಮಧ್ಯಾಹ್ನ ಬಂದ," ಸುನಂದಮ್ಮ ಗೋಡೆ ನೋಡುತ್ತಾ ಹೇಳಿದರು. "ಒಳಗೆ ಬರೋ ಅಂಗಿಲ್ವಲ್ಲ. ಹಿತ್ತಲಲ್ಲಿ ಬ್ಯಾರನ್ ಮುಂದೆ ಕೂರಿಸಿ ಉಣ್ಣಾಕ್ ಇಕ್ಕಿಸ್ದೆ. ನಾನು ಬಾಣಂತಿ ಕೋಣೆ ಕಿಟಕೀಲಿ ನೋಡ್ತಿದ್ದೆ. ಬ್ಯಾರನ್ ಬಾಗ್ಲು ಓರೆ ಆಗಿತ್ತು. ಒಳಗೆ ಏನೋ ಕಂಡೋನಂಗೆ ತಟ್ಟೆ ಬುಟ್ಟು ಎದ್ದ. ಮಗ ಅತ್ತ ಅಂತ ನಾನು ತಿರುಗ್ದೆ. ಮತ್ತೆ ನೋಡೋ ಹೊತ್ಗೆ ತಟ್ಟೆ ಇತ್ತು, ಅವನಿಲ್ಲ. ಬಾಗ್ಲಿಗೆ ಬೀಗ. ಒಳಗಿಂದ ಬಡೀತಿದ್ದ."

ಸಂಘಮಿತ್ರ ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದಳು.

"ಅಕ್ಕಾ ಅಂತಿದ್ದ," ಎಂದರು ಸುನಂದಮ್ಮ. "ಸಂಜೆಗೆ ಯಾರೋ ಬ್ಯಾರನ್ ಒಲೆ ಹಚ್ಚಿದ್ರು. ಅದೇ ಕಡೇ ಬೆಂಕಿ."

ಜೆಸಿಬಿಯ ಸದ್ದು ಇನ್ನೂ ಹತ್ತಿರವಾಯಿತು. "ನಿಲ್ಸೋ! ನಿಲ್ಸು!" ಎಂದು ಹಿತ್ತಲಲ್ಲಿ ಕಿರಣ್‌ಕುಮಾರ್ ಕೂಗುತ್ತಿದ್ದ. ಸಂಘಮಿತ್ರಳ ಕಾಲು ಕದಲಲಿಲ್ಲ. ಅಪ್ಪ ಕಳ್ಳನಲ್ಲ; ಬ್ಯಾರನ್ನಿನೊಳಗೆ ಅವನು ಕಂಡದ್ದು ಆ ಮತಪೆಟ್ಟಿಗೆಯೇ ಇರಬೇಕು. ಅಪ್ಪ ಓಡಿಹೋಗಿಲ್ಲ. ಇಷ್ಟು ಕೇಳಲು ಅಜ್ಜಿ ಇನ್ನೂ ಜೀವ ಹಿಡಿದಿದ್ದಾಳೆ. ಕೇಳಿದ ಮೇಲೆ ಹಿಡಿಯುತ್ತಾಳೋ ಇಲ್ಲವೋ.

"ಬೀಗ ಹಾಕಿದ್ದು ಯಾರು? ನಿಮ್ಮ ಯಜಮಾನರಾ?"

"ಅವರು ಅವತ್ತು ಮೈಸೂರಲ್ಲಿದ್ರು."

"ಮತ್ತೆ ಯಾರು?"

"ಮುಖ ಕಾಣ್ಲಿಲ್ಲ. ಕಿಟಕಿ ಸರಳಿನ ಸಂದೀಲಿ ಕೈ ತೂರ್ಸಿ ಈ ಕೀ ಕೊಟ್ರು." ಸುನಂದಮ್ಮ ತಮ್ಮ ಬಲಗೈಯನ್ನು ಅವಳ ಮುಂದೆ ಬಿಡಿಸಿ ಹಿಡಿದರು. "ಬಲಗೈ ಕಣವ್ವ. ಐದೂ ಬೆರಳು ಮಸಿ. ಬೆಳಿಗ್ಗೆಯಿಂದ ಊರೋರ ಬೆರಳಿಗೆಲ್ಲ ಹಚ್ಚಿ ಹಚ್ಚಿ ಕಪ್ಪಾಗಿತ್ತು."

ಸಂಘಮಿತ್ರ ಕೀಯನ್ನು ನೋಡಿದಳು, ಆಮೇಲೆ ತನ್ನ ಕೈಯನ್ನು ನೋಡಿಕೊಂಡಳು. ಆ ಕೈ ಇದೇ ಕೈಯನ್ನು ಹಿಡಿದು ಅವಳಿಗೆ 'ಅ' ತಿದ್ದಿಸಿತ್ತು.